ಹನ್ನೆರಡನೇ ಗುಳಿಯ ಪಕ್ಕದ ಗೂಟ

ಹೋದ ಭಾನುವಾರ ಹಾಸ್ಟೆಲಿನ ಹುಡುಗಿಯರನ್ನು ಕರೆದುಕೊಂಡು ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟಕ್ಕೆ ಹೋಗಿದ್ದೆ. ಪಟ್ಟಣದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಮನೆಯ ಉಸ್ತುವಾರಿ ನನ್ನದು. ಹುಡುಗಿಯರು ಗೋಡೆಯ ಮೇಲಿನ ಯುದ್ಧದ ಚಿತ್ರ ನೋಡಿದ್ದು ಅಷ್ಟರಲ್ಲೇ ಇತ್ತು. ತಮ್ಮ ಫೋಟೊ ತಾವೇ ತೆಗೆದುಕೊಳ್ಳುವುದರಲ್ಲಿ ಮುಳುಗಿದ್ದರು. ಹೊರಗೆ ತೋಟದಲ್ಲಿ ಒಬ್ಬಾತ ಮೆಷಿನ್ನು ತಳ್ಳುತ್ತಾ ಹುಲ್ಲು ಕತ್ತರಿಸುತ್ತಿದ್ದ. ಹಿಂದಿನ ಸಂಜೆ ಮಳೆ ಹುಯ್ದಿತ್ತು. ಕತ್ತರಿಸಿದ ಹಸಿ ಹುಲ್ಲಿನ ವಾಸನೆ ಒಂದೇ ಸಲಕ್ಕೆ ಮೂಗಿಗೆ ಬಡಿಯಿತು.

“ಎಷ್ಟ್ ಚೆನ್ನಾಗದೆ ಅಲ್ವಾ ಆಂಟಿ, ಈ ವಾಸ್ನೆ!” ಅಂದಳು ನಾಗಮಂಗಲದ ಕಡೆಯ ಒಬ್ಬ ಹುಡುಗಿ.

“ನೀನೇನ್ ಹಸುವಾ ಮೇಯಕ್ಕೆ? ನಡಿ ಮುಂದಕ್ಕೆ,” ಅಂದುಬಿಟ್ಟೆ.

ಪಾಪ, ಅವಳ ಮುಖ ಚಿಕ್ಕದಾಯಿತು. ನನ್ನ ಬಾಯಿ ಮೊದಲಿನಿಂದಲೂ ಹಾಗೇ. ಒಳಗೆ ಸಂಕಟವಾದರೆ ಹೊರಗೆ ಬೈಗುಳವಾಗಿ ಬರುತ್ತದೆ. ಆಮೇಲೆ ಚುರುಮುರಿ ಕೊಡಿಸಿ ಸಮಾಧಾನ ಮಾಡಿದೆ. ಆದರೆ ಆ ವಾಸನೆ ನನ್ನನ್ನು ಬಿಡಲಿಲ್ಲ, ಹಾಸ್ಟೆಲಿಗೆ ಬಂದು ಸಾರಿಗೆ ಒಗ್ಗರಣೆ ಹಾಕಿದ ಮೇಲೂ ಬಿಡಲಿಲ್ಲ. ಎಲ್ಲರಿಗೂ ಇಷ್ಟವಾಗುವ ವಾಸನೆ ಅದು, ಗೊತ್ತು. ನನಗೆ ಮಾತ್ರ ಅದು ಗಾಲ್ಫ್ ಮೈದಾನದಲ್ಲಿ ಕೂಲಿ ಗ್ಯಾಂಗಿನ ಮೇಸ್ತ್ರಿಯಾಗಿದ್ದ ಆ ಒಂದು ವರ್ಷದ ವಾಸನೆ. ನಮ್ಮ ಜಯಕ್ಕನ ಚುಕ್ಕಿ ಸತ್ತ ವರ್ಷ.

ನಮ್ಮೂರು ಕೃಷ್ಣರಾಜಪೇಟೆ ತಾಲ್ಲೂಕು, ಸಿಂಧಘಟ್ಟದಿಂದ ಒಳಕ್ಕೆ. ಮಂಡ್ಯ ಜಿಲ್ಲೆ ಅಂದ ಕೂಡಲೇ ಜನ ಕಬ್ಬು, ಕಾಲುವೆ, ಆಲೆಮನೆ ಅಂದುಕೊಳ್ಳುತ್ತಾರೆ. ನಮ್ಮದು ಕಾಲುವೆ ನೀರು ಹತ್ತದ ದಿಣ್ಣೆ. ರಾಗಿ, ಹುರುಳಿ, ಸಾಲಲ್ಲಿ ಅವರೆ. ಹೊಲದ ತಲೆಯಲ್ಲಿ ನಿಂತರೆ ದೂರಕ್ಕೆ ಮೇಲುಕೋಟೆಯ ಬೆಟ್ಟ ಕಾಣುತ್ತದೆ. ಈ ದಿಣ್ಣೆಯನ್ನು ಯಾರಾದರೂ ಹುಡುಕಿಕೊಂಡು ಬರುತ್ತಾರೆ ಅಂತ ನಾವು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಬಂದರು. ಮೊದಲು ಏನೋ ಫ್ಯಾಕ್ಟರಿ ಅಂದರು, ಆಮೇಲೆ ರೆಸಾರ್ಟು ಅಂದರು. ಕೊನೆಗೆ ದೊಡ್ಡ ದೊಡ್ಡ ಪಂದ್ಯ ನಡೆಯುವಂಥ ಗಾಲ್ಫ್ ಮೈದಾನ ಅಂತ ಗೊತ್ತಾಯಿತು.

“ಗೋಲಿ ಆಡಕ್ಕೆ ಇಷ್ಟ್ ಜಾಗ ಬೇಕೇನ್ಲಾ ಇವ್ರಿಗೆ?” ಅಂತ ನಮ್ಮ ಬಾವ ಪುಟ್ಟೇಗೌಡರು ಅರಳಿಕಟ್ಟೆಯಲ್ಲಿ ಕೂತು ನಕ್ಕಿದ್ದರು. ಆ ನಗು ಬಹಳ ದಿನ ಉಳಿಯಲಿಲ್ಲ. ಅಕ್ಕಪಕ್ಕದವರೆಲ್ಲ ಕೊಟ್ಟಾಯಿತು. ಸುತ್ತ ಬೇಲಿ ಬಂದ ಮೇಲೆ ನಡುವೆ ಒಂದು ಹೊಲ ಇಟ್ಟುಕೊಂಡು ಯಾವ ದಾರಿಯಲ್ಲಿ ನೇಗಿಲು ಹೊಡೆಯುವುದು? ಬಾವನೂ ಸಹಿ ಹಾಕಿದರು.

ಬಾವನ ಹೆಂಡತಿಯೇ ಜಯಮ್ಮ. ನನಗೆ ವಾರಗಿತ್ತಿ, ನಾನು ಕರೆಯುವುದು ಅಕ್ಕ ಅಂತ. ಒಂದೇ ಗೋಡೆಯ ಆಚೆ ಈಚೆ ನಮ್ಮ ಎರಡು ಮನೆ. ಅಕ್ಕ ಸಹಿ ಹಾಕಿದ ದಿನ ಅಳಲಿಲ್ಲ. ಅಳು ಬಂದದ್ದು ಆಮೇಲೆ, ಅದೂ ಹುಲ್ಲಿನ ಸಲುವಾಗಿ.

ಹೊಲ ಅಂದರೆ ಬರೀ ರಾಗಿ ಅಲ್ಲ ನೋಡಿ. ಹೊಲಕ್ಕೆ ಬದು ಇರುತ್ತದೆ, ಬದುವಿನ ಮೇಲೆ ಹುಲ್ಲು ಇರುತ್ತದೆ. ನಮ್ಮ ಕಡೆ ಹಸು ಬದುಕುವುದೇ ಆ ಬದುವಿನ ಮೇಲೆ. ಸಂಜೆ ಹೆಂಗಸರು ಒಂದೊಂದು ಹೊರೆ ಕುಯ್ದು ತಲೆ ಮೇಲೆ ಹೊತ್ತು ಬಂದರೆ, ಬೆಳಗ್ಗೆ ಡೈರಿಗೆ ಹಾಲು. ಹೊಲ ಹೋಯಿತು ಅಂದಾಗ ಬದುವೂ ಹೋಯಿತು ಅನ್ನುವುದು ನಮ್ಮೂರಿನ ಗಂಡಸರಿಗೆ ಹೊಳೆದಿರಲೇ ಇಲ್ಲ. ಒಂದೊಂದಾಗಿ ಕೊಟ್ಟಿಗೆಗಳು ಖಾಲಿಯಾದವು. ಟೆಂಪೋ ಬಂದು ನಿಲ್ಲುವುದು, ಹಸುವನ್ನು ಹತ್ತಿಸುವುದು, ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುವುದು. ಅಕ್ಕನ ಮನೆಯಿಂದಲೂ ಹೋದವು. ಉಳಿದದ್ದು ಚುಕ್ಕಿ ಒಂದೇ. ಕಪ್ಪು ಮೈ, ಹಣೆಯ ಮೇಲೆ ಬೆರಳಲ್ಲಿ ಒತ್ತಿದ ಹಾಗೆ ಬಿಳಿ ಬೊಟ್ಟು. ಅಕ್ಕನೇ ಕೈಯಲ್ಲಿ ಹಾಲು ಕುಡಿಸಿ ಬೆಳೆಸಿದ ಕರು ಅದು, ಅದರ ತಾಯಿ ಈಯುವಾಗಲೇ ಸತ್ತಿತ್ತು.

“ಇದ್ನೂ ಕೊಟ್ಬುಡು ಕಣೆ. ಮೇವಿಗೆ ಎಲ್ಲಿಗೋಗ್ತೀಯ?” ಅಂದರು ಬಾವ.

“ಒಲ ನೀವ್ ಕೊಟ್ರಿ, ನಾನು ಬ್ಯಾಡ ಅನ್ನಲಿಲ್ಲ. ಅಸ ನಂದು. ನಾನಿರೋಗಂಟ ಈ ಗೂಟದಲ್ಲಿ ಅಸ ಇರಬೇಕು,” ಅಂದಳು ಅಕ್ಕ.

ಗೂಟ ನಮ್ಮ ಮಾವ ಜಾಲಿಮರದಲ್ಲಿ ಕೆತ್ತಿ ಹುಗಿದದ್ದು. ಎಷ್ಟೋ ಹಸುಗಳ ಹಗ್ಗ ಉಜ್ಜಿ ಉಜ್ಜಿ ಅದರ ಕತ್ತಿನಲ್ಲಿ ಬೆರಳು ಕೂರುವಷ್ಟು ಸವೆದಿತ್ತು. ಅಕ್ಕನ ಹಟ ಅಂದರೆ ಅಷ್ಟೇ, ಆ ಗೂಟ ಖಾಲಿ ಆಗಬಾರದು.

ಆ ವರ್ಷ ಮಳೆಗೆ ಮುಂಚೆ ಮೈದಾನದ ಕೆಲಸ ಶುರುವಾಯಿತು. ಪಿಯುಸಿ ಓದಿದ್ದೀನಿ, ಬಾಯಿ ಜೋರಿದೆ ಅಂತ ನನ್ನನ್ನು ಹೆಂಗಸರ ಗ್ಯಾಂಗಿಗೆ ಮೇಸ್ತ್ರಿ ಮಾಡಿದರು. ಅಕ್ಕನೂ ಗ್ಯಾಂಗಿಗೆ ಸೇರಿದಳು. ದೊಡ್ಡ ದೊಡ್ಡ ಬುಲ್ಡೋಜರು ಬಂದವು. ಇದ್ದ ದಿಣ್ಣೆ ಅಗೆದು ಹಳ್ಳ ಮಾಡಿದರು, ಇದ್ದ ಹಳ್ಳ ತುಂಬಿಸಿ ದಿಣ್ಣೆ ಮಾಡಿದರು. “ಸಿವ ಮಾಡಿದ್ದ ತಿದ್ದಕ್ಕೆ ಬಂದವ್ರೆ ಕಣಮ್ಮಿ,” ಅಂತ ಅಕ್ಕ ಗೊಣಗುತ್ತಿದ್ದಳು. ಯಾರ ಹೊಲ ಎಲ್ಲಿತ್ತು ಅನ್ನುವುದೇ ತಿಳಿಯದ ಹಾಗಾಯಿತು. ಹುಣಸೆಮರ ಹಿಡಿದು ಗುರುತು ಹೇಳುತ್ತಿದ್ದವರು ಹುಣಸೆಮರವನ್ನೇ ಕಾಣದೆ ತಬ್ಬಿಬ್ಬಾದರು.

ಮೈದಾನದ ನಕ್ಷೆ ಬರೆದವರು ಹೊರದೇಶದವರು. ನೆರೆತ ಕೂದಲು, ಬಿಸಿಲಿಗೆ ಕೆಂಪಾದ ಮೂಗು. ಹೆಂಗಸರೆಲ್ಲ ಅವರನ್ನು ನಕ್ಷೆ ಸಾಹೇಬರು ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಾರಿನಲ್ಲಿ ಓಡಾಡುತ್ತಿರಲಿಲ್ಲ, ನೆಲವನ್ನು ಕಾಲಲ್ಲೇ ನೋಡಬೇಕು ಅಂತ ನಡೆಯುತ್ತಿದ್ದರು. ಬಾವನ ಹೊಲಕ್ಕೆ ಬಂದವರು ಹೊಲದ ತಲೆಯಿಂದ ಕೆಳಗಿನ ಕಟ್ಟೆಯವರೆಗೂ ನೋಡುತ್ತಾ ನಿಂತರು. ಆಮೇಲೆ ತಮ್ಮ ಜೊತೆಯ ಎಂಜಿನಿಯರಿಗೆ ಏನೋ ಹೇಳಿದರು. ಅವನು ನಮ್ಮ ಕಡೆ ತಿರುಗಿ, “ಈ ಹೊಲದಲ್ಲಿ ಬುಲ್ಡೋಜರ್ ಇಳಿಸಬಾರದಂತೆ. ಇಂಥ ಇಳಿಜಾರನ್ನು ದೇವರೇ ಮಾಡಬೇಕಂತೆ. ಬದು ಮಾತ್ರ ಕಿತ್ತರೆ ಸಾಕಂತೆ,” ಅಂದ.

“ದೇವ್ರಲ್ಲ ಕಣಪ್ಪ, ನಮ್ಮಾವ. ಸಾಯೋಗಂಟ ಕಲ್ಲಾಯ್ದು ಮಟ್ಟ ಮಾಡವ್ರೆ,” ಅಂದಳು ಅಕ್ಕ. ಎಂಜಿನಿಯರು ನಕ್ಕ, ಸಾಹೇಬರಿಗೆ ಅದನ್ನು ಹೇಳಲಿಲ್ಲ. ಅಕ್ಕನಿಗೆ ಅದೇನೂ ಬೇಸರವಾಗಲಿಲ್ಲ. ಊರಿನ ಅಷ್ಟೂ ಹೊಲದಲ್ಲಿ ತನ್ನದೊಂದೇ ತನ್ನ ಮಣ್ಣಿನಲ್ಲೇ ಉಳಿಯಿತು ಅನ್ನುವ ಹೆಮ್ಮೆ ಅವಳ ಮುಖದಲ್ಲಿ ಹಬ್ಬದ ಹಾಗೆ ಕಂಡಿತು.

ಅದು ಹನ್ನೆರಡನೇ ಗುಳಿ ಆಯಿತು. ಚೆಂಡು ಹಾಕುವ ಹೋಲಿಗೂ ಅಲ್ಲಿಯವರೆಗಿನ ಆಟದ ಪಟ್ಟಿಗೂ ನಾವು ಗುಳಿ ಅನ್ನುತ್ತಿದ್ದೆವು. ಆಟಗಾರ ಹೊಲದ ತಲೆಯಲ್ಲಿ ನಿಂತು ಹೊಡೆಯಬೇಕು. ಚೆಂಡು ಇಳಿಜಾರಿನಲ್ಲಿ ಉರುಳಿ ಕೆಳಗಿನ ಗ್ರೀನಿನ ಹತ್ತಿರ ಹೋಗಬೇಕು. ಗ್ರೀನು ಅಂದರೆ ಗುಳಿ ಇರುವ ನುಣುಪು ಜಾಗ. ಅದನ್ನು ಮಾತ್ರ ಸಾಹೇಬರು ಹೊಸದಾಗಿ ಕಟ್ಟಿಸಿದರು. ನೆಲ ಅಗೆದು, ಕೊಳವೆ ಇಟ್ಟು, ಜಲ್ಲಿ ಹಾಕಿ, ಮೇಲೆ ಎಲ್ಲಿಂದಲೋ ತಂದ ಮರಳು. ಅದರ ಒಂದು ಪಕ್ಕ ಕಟ್ಟೆ ನೀರು. ಇನ್ನೊಂದು ಪಕ್ಕ ಮರಳಿನ ಗುಂಡಿ, ಮೇಲಿಂದ ನೋಡಿದರೆ ಕಾಣದ ಹಾಗೆ ದಿಬ್ಬದ ಹಿಂದೆ. ಹಾಗೇಕೆ ಬಚ್ಚಿಟ್ಟಿದ್ದೀರಿ ಅಂತ ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದ್ದೆ. ಚೆಂದ ಮೊದಲು ಕಾಣಬೇಕು, ಅಪಾಯ ಆಮೇಲೆ, ಅದೇ ಆಟ ಅಂದಿದ್ದರು. ಆಗ ಅದು ಬಲು ಜಾಣತನದ ಮಾತು ಅನ್ನಿಸಿತ್ತು.

ಮುಂಗಾರು ಹಿಡಿದ ಮೇಲೆ ಹುಲ್ಲು ನೆಡುವ ಕೆಲಸ. ಲಾರಿಯಲ್ಲಿ ಮೂಟೆ ಮೂಟೆ ಬೇರು ಬಂತು. ಬಿಚ್ಚಿ ನೋಡಿದರೆ ಗರಿಕೆ! ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

“ಅಯ್ಯೋ ನಿನ್ ಮನೆ ಕಾಯ್ವೋಗ, ಗರಿಕೆಯ ದುಡ್ ಕೊಟ್ಟು ತರ್ಸವ್ರಲ್ಲಮ್ಮಿ!” ಅಂದಳು ಅಕ್ಕ. “ನಾನು ಮದ್ವೆಯಾಗಿ ಬಂದಾಗಿಂದ ಇದ್ರ ಬೇರು ಕೀಳೋದೇ ಆಗೋಯ್ತು. ಈಗ ನಾನೇ ನೆಡ್ಬೇಕಾ?”

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ನಮ್ಮ ಗರಿಕೆ ಬೇರೆಯಂತೆ, ಈ ಗರಿಕೆ ಬೇರೆಯಂತೆ. ಇದು ಸಣ್ಣ ಎಲೆ, ನುಣುಪು ಜಾತಿ. ಇರಲಿ. ಮಳೆಯಲ್ಲಿ ಗೊಬ್ಬರದ ಚೀಲ ತಲೆಗೆ ಕೊಪ್ಪೆ ಹಾಕಿಕೊಂಡು ಸಾಲು ಸಾಲಾಗಿ ನೆಟ್ಟೆವು. ಸೋಬಾನೆ ಹಾಡಿಕೊಂಡು ನೆಟ್ಟೆವು. ನೆಟ್ಟು ಸ್ವಲ್ಪ ದಿನಕ್ಕೆ ಹನ್ನೆರಡನೇ ಗುಳಿಯ ಇಳಿಜಾರಿನಲ್ಲಿ ಗರಿಕೆಯ ನಡುವೆ ರಾಗಿ ತಾನೇ ತಾನಾಗಿ ಹುಟ್ಟಿತು. ಹಿಂದಿನ ವರ್ಷ ಉದುರಿದ ಕಾಳು, ಬುಲ್ಡೋಜರು ಇಳಿಯದ ನೆಲ, ಹುಟ್ಟದೆ ಇರುತ್ತದೆಯೇ? ಅದನ್ನು ಕೀಳಿಸುವ ಕೆಲಸ ನನ್ನದು.

ಅಕ್ಕ ಕಿತ್ತಳು. ಒಂದೊಂದನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡಳು, ಎಸೆಯಲಿಲ್ಲ. ಸಂಜೆ ಹೊತ್ತಿಗೆ ಒಂದು ಹಿಡಿಯಷ್ಟು ಎಳೇ ಪೈರಾಗಿತ್ತು. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಚುಕ್ಕಿಯ ಬಾಯಿಗೆ ಕೊಟ್ಟಳು. “ತಿನ್ನು, ನಮ್ಮೊಲದ್ದು,” ಅಂದದ್ದು ಗೋಡೆಯ ಈಚೆಗೆ ನನಗೆ ಕೇಳಿಸಿತು.

ಎಲ್ಲ ಶುರುವಾಗಿದ್ದು ಹಾಗೆ. ಹುಲ್ಲು ಬೆಳೆಯಿತು, ಮೆಷಿನ್ನಿನಲ್ಲಿ ಕತ್ತರಿಸಲು ಶುರು ಮಾಡಿದರು. ಕತ್ತರಿಸಿದ ಹುಲ್ಲು ರಾಶಿ ರಾಶಿ. ಅದನ್ನು ಬೇಲಿ ಪಕ್ಕ ಸುರಿದು ಕೊಳೆಯಲು ಬಿಡುತ್ತಿದ್ದರು. ಊರಲ್ಲಿ ಒಂದು ಹಿಡಿ ಮೇವಿಲ್ಲದೆ ಹಸುಗಳನ್ನು ಮಾರಿಕೊಂಡ ಹೆಂಗಸರ ಕಣ್ಣೆದುರಿಗೆ ಹಸಿ ಹುಲ್ಲು ಕೊಳೆಯುವುದು ಅಂದರೆ ಏನು ಅಂತ ಹೇಗೆ ಹೇಳಲಿ? ಅನ್ನವನ್ನು ಚರಂಡಿಗೆ ಸುರಿದ ಹಾಗೆ. ಹುಲ್ಲನ್ನು ನೋಡಿಕೊಳ್ಳಲು ಒಬ್ಬ ದೊಡ್ಡ ಅಧಿಕಾರಿ ಇದ್ದರು, ಉತ್ತರದ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ನಾವು ಹುಲ್ಲು ಸಾಹೇಬರು ಅನ್ನುತ್ತಿದ್ದೆವು. ಅಕ್ಕ ನೇರ ಹೋಗಿ ಕೇಳಿಬಿಟ್ಟಳು. “ಬುದ್ಧೀ, ಎಂಗೂ ಎಸೀತೀರ. ನಮ್ಮೊಲದ ಉಲ್ಲು ನಾನು ಒತ್ಕೊಂಡೋಗ್ಲಾ?”

ನಾನು ತರ್ಜುಮೆ ಮಾಡಿದೆ. ಅವರು ಯೋಚಿಸಿ, “ಇಳಿಜಾರಿನದು ತಗೊಳ್ಳಿ. ಗ್ರೀನಿನದು ಬೇಡ. ಅಲ್ಲಿ ಔಷಧಿ ಹೊಡೀತೀವಿ,” ಅಂದರು. ಅಕ್ಕ ತಲೆಯಾಡಿಸಿದಳು. ಔಷಧಿ ವಿಷಯ ರೈತರಿಗೆ ಹೇಳಿಕೊಡಬೇಕೇ?

ಅಲ್ಲಿಂದ ಮಾಗಿಯ ಚಳಿ ಕಳೆಯುವವರೆಗೆ ಅಕ್ಕನ ಸುಖದ ದಿನಗಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹನ್ನೆರಡನೇ ಗುಳಿಯ ರಾಶಿಗೆ ಹೋಗಿ, ಹಳೇ ಸೀರೆಯಲ್ಲಿ ಹುಲ್ಲು ತುಂಬಿ, ಗಂಟು ಕಟ್ಟಿ, ತಲೆ ಮೇಲೆ ಹೊತ್ತು, ಬೇಲಿಯ ಸಣ್ಣ ಗೇಟಿನಲ್ಲಿ ಮನೆಗೆ. ಚುಕ್ಕಿ ಅವಳ ಕಾಲ ಸಪ್ಪಳ ಕೇಳಿದರೇ ಅಂಬಾ ಅನ್ನುತ್ತಿತ್ತು. ಮೈ ತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು. ಗಬ್ಬವಾಯಿತು. ಸಂಕ್ರಾಂತಿಗೆ ಅದರ ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸಬೇಕು ಅಂದಾಗ ಅಕ್ಕ ಬೇಡ ಅಂದಳು. “ಒಟ್ಟೇಲಿ ಮಗ ಅದೆ, ಎದ್ರುಕೊಂಡಾತು.” ಊರಿಗೆಲ್ಲ ಆ ವರ್ಷ ಕಿಚ್ಚು ಹಾಯಿಸಲು ಉಳಿದಿದ್ದ ದನ ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಮನೆಯಲ್ಲೇ ನಿಂತಿತು. ಹೆಂಗಸರು ಅಕ್ಕನನ್ನು ರೇಗಿಸುತ್ತಿದ್ದರು, “ಜಯಕ್ಕನ ಅಸ ಫಾರಿನ್ ಉಲ್ಲು ತಿಂದು ಇಂಗ್ಲಿಸ್ನಲ್ಲಿ ಅಂಬಾ ಅಂತದೆ,” ಅಂತ.

“ಅಂದ್ರೆ ಅನ್ಲಿ, ನಿನ್ ಗಂಡಂಗಿಂತ ವಾಸಿ,” ಅನ್ನುತ್ತಿದ್ದಳು ಅಕ್ಕ.

ಬಾವ ಕೂಡ ಮೆತ್ತಗಾಗಿದ್ದರು. ಹೊಲ ಮಾರಿದ ಮೇಲೆ ಆ ಮನೆಯಲ್ಲಿ ಗಂಡ ಹೆಂಡತಿ ನಗುನಗುತ್ತಾ ಮಾತಾಡಿದ್ದು ಆ ಗಬ್ಬದ ಹಸುವಿನ ಮುಂದೆ ನಿಂತು.

ಶಿವರಾತ್ರಿ ಕಳೆದ ಮೇಲೆ ದೊಡ್ಡ ಪಂದ್ಯ ಅಂತ ಗೊತ್ತಾಯಿತು. ದೇಶದ ಎಲ್ಲ ಕಡೆಯಿಂದ ಆಟಗಾರರು, ಟಿವಿಯವರು. ಹುಲ್ಲು ಸಾಹೇಬರಿಗೆ ನಿದ್ದೆ ಇಲ್ಲ, ನಮಗೆ ಬಿಡುವಿಲ್ಲ. ಗ್ರೀನಿನ ಮೇಲೆ ಸಾಲಾಗಿ ಕೂತು ಕಳೆ ಕೀಳುತ್ತಿದ್ದೆವು. ಒಂದು ಎಳೆ ಹೆಚ್ಚು ಕಮ್ಮಿ ಇರಬಾರದು. ಆಗಲೇ ಗ್ರೀನುಗಳಿಗೆ ಹುಳ ಬಿತ್ತು. ಬೇರು ಕಡಿಯುವ ಬಿಳಿ ಹುಳ. ಹುಲ್ಲು ತೇಪೆ ತೇಪೆಯಾಗಿ ಒಣಗಿತು.

ನಾನು ಆ ದಿನ ಇರಲಿಲ್ಲ. ನನ್ನ ತವರು ಅಕ್ಕಿಹೆಬ್ಬಾಳು. ತಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ ಅಂತ ಹೋಗಿದ್ದೆ. ನಡೆದದ್ದನ್ನೆಲ್ಲ ಆಮೇಲೆ ಕೇಳಿ ಜೋಡಿಸಿಕೊಂಡದ್ದು. ಹಿಂದಿನ ಸಂಜೆ ನಾವೆಲ್ಲ ಮನೆಗೆ ಹೋದ ಮೇಲೆ ಹೊರಗಿನಿಂದ ಔಷಧಿ ಹೊಡೆಯುವವರನ್ನು ಕರೆಸಿದ್ದಾರೆ. ಔಷಧಿ ಬೇರಿಗೆ ಇಳಿಯಲಿ ಅಂತ ಮೇಲೆ ಸ್ಪ್ರಿಂಕ್ಲರ್ ನೀರು ಬಿಟ್ಟಿದ್ದಾರೆ. ಬೆಳಗ್ಗೆ ಹೊತ್ತಿಗೆ ವಾಸನೆ ಇಲ್ಲ. ಗುರುತಿಗೆ ಗ್ರೀನಿನ ಅಂಚಿನಲ್ಲಿ ಒಂದು ಹಳದಿ ಬಾವುಟ ನೆಟ್ಟಿದ್ದಾರೆ, ಅಷ್ಟೇ.

ಬಾವುಟ! ಪಂದ್ಯ ಬಂತು ಅಂತ ಮೈದಾನದ ತುಂಬ ಬಾವುಟ. ಗುಳಿಗೊಂದು, ಗೇಟಿಗೊಂದು, ದಾರಿಗೊಂದು, ಕೆಂಪು, ನೀಲಿ, ಹಳದಿ. ಯಾವ ಬಾವುಟಕ್ಕೆ ಏನರ್ಥ ಅಂತ ಯಾರಿಗೆ ಗೊತ್ತು? ನಮ್ಮೂರಲ್ಲಿ ಯಾರಾದರೂ ಹೊಲಕ್ಕೆ ಔಷಧಿ ಹೊಡೆದರೆ ಬದುವಿನ ಮೇಲೆ ನಿಂತು ಕೂಗುತ್ತಾರೆ. “ಔಸ್ದಿ ಒಡ್ದಿವ್ನಿ ಕಣ್ರವ್ವಾ, ದನ ಬುಡಬ್ಯಾಡಿ!” ಆಚೆ ಹೊಲದವರು “ಔದಾ!” ಅಂತ ಕೂಗಿ, ಅವರ ಆಚೆಯವರಿಗೂ ದಾಟಿಸುತ್ತಾರೆ. ಹೊತ್ತು ಮುಳುಗುವುದರೊಳಗೆ ಊರಿನ ಹಸುಗಳಿಗೆಲ್ಲ ಸುದ್ದಿ ಮುಟ್ಟಿರುತ್ತದೆ. ಇಲ್ಲಿ ಕೂಗುವುದಕ್ಕೆ ಬದುವೇ ಇರಲಿಲ್ಲ. ಕೂಗಲಿಲ್ಲ ಅಂದರೆ ಹೊಡೆದಿಲ್ಲ ಅಂತಲೇ ನಮ್ಮ ಹೆಂಗಸರ ಲೆಕ್ಕ.

ಬೆಳಗ್ಗೆ ಗ್ರೀನು ಕತ್ತರಿಸಿದವನು ಹುಲ್ಲನ್ನು ಬೇರೆ ಕಡೆ ಒಯ್ಯಬೇಕಿತ್ತು. ಅವಸರ, ಟಿವಿಯವರು ಬರುತ್ತಾರೆ. ಹತ್ತಿರದಲ್ಲೇ ಇದ್ದ ಇಳಿಜಾರಿನ ರಾಶಿಯ ಮೇಲೆ ಸುರಿದು ಹೋದ.

ಅಕ್ಕ ಎಂದಿನ ಹಾಗೆ ಮಧ್ಯಾಹ್ನ ಹೋದಳು. ಎಂದಿನ ಹಾಗೆ ಒಂದು ಹಿಡಿ ಎತ್ತಿ ಮೂಸಿ ನೋಡಿದಳು. ಜೊತೆಯಲ್ಲಿದ್ದ ಒಬ್ಬಳು, “ಜಯಕ್ಕ, ಅಲ್ಲೊಂದು ಅಳದಿ ಬಾವುಟ ಅದೆ, ಯಾಕೋ ಏನೋ,” ಅಂದಳಂತೆ. ಅದಕ್ಕೆ ಅಕ್ಕ, “ಬಾವುಟ ಎಲ್ಲಿಲ್ಲ ಬುಡಮ್ಮಿ. ಬ್ಯಾರೆ ಕಡೆದಾಗಿದ್ರೆ ನಾನೂ ಯೋಚ್ನೆ ಮಾಡ್ತಿದ್ದೆ. ಇದು ನಮ್ಮೊಲ. ನಮ್ಮೊಲ ನಮ್ಮಸಕ್ಕೆ ಇಸ ಕೊಟ್ಟಾದಾ?” ಅಂದು ಗಂಟು ಕಟ್ಟಿದಳಂತೆ.

ಸಂಜೆ ನಾನು ಬಸ್ಸಿಳಿದು ಬರುವಾಗ ಅಕ್ಕನ ಮನೆ ಮುಂದೆ ಜನ. ಬಾವನಿಗೆ ಏನಾದರೂ ಆಯಿತೇನೋ ಅಂತ ಓಡಿದೆ. ಕೊಟ್ಟಿಗೆಯಲ್ಲಿ ಚುಕ್ಕಿ ಬಿದ್ದಿತ್ತು. ಬಾಯಿಂದ ಜೊಲ್ಲು ನೂಲು ನೂಲಾಗಿ ಇಳಿಯುತ್ತಿತ್ತು, ತೊಡೆಯ ಮಾಂಸ ಪಟಪಟ ಅದುರುತ್ತಿತ್ತು. ತುಂಬಿದ ಹೊಟ್ಟೆ ಒಂದು ಕಡೆಗೆ ವಾಲಿತ್ತು. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆಯ ಬೊಟ್ಟನ್ನು ನೀವುತ್ತಿದ್ದಳು. ಪೇಟೆಯಿಂದ ದನದ ಡಾಕ್ಟರು ಬಂದು ಸೂಜಿ ಚುಚ್ಚಿದ್ದರು, ಮತ್ತೆ ಚುಚ್ಚಿದರು. ಕಣ್ಣಿನ ರೆಪ್ಪೆ ಬಿಡಿಸಿ ಪಾಪೆ ನೋಡಿ, “ಏನ್ ತಿನ್ಸಿದ್ರಿ?” ಅಂದರು.

“ಉಲ್ಲು,” ಅಂದಳು ಅಕ್ಕ. “ಬರೀ ಉಲ್ಲು ಸಾ. ನಮ್ಮೊಲದ ಉಲ್ಲು.”

ಡಾಕ್ಟರು ಗೋದಲಿಯಲ್ಲಿ ಉಳಿದಿದ್ದ ಹುಲ್ಲನ್ನು ಕೈಗೆ ಚೀಲ ಹಾಕಿಕೊಂಡು ಎತ್ತಿದರು. ಅದನ್ನು ನೋಡಿಯೇ ಅಕ್ಕನಿಗೆ ಅರ್ಥವಾಯಿತು. ಚುಕ್ಕಿ ಒಂದು ಸಲ ಕಾಲು ಚಾಚಿತು. ಅಂಬಾ ಅನ್ನಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೊಟ್ಟೆಯೊಳಗಿನ ಕರು ಇನ್ನೂ ಸ್ವಲ್ಪ ಹೊತ್ತು ಮಿಸುಕಾಡಿತು. ಅಕ್ಕ ಅದರ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದಳು, ಅದೂ ನಿಲ್ಲುವವರೆಗೆ. ಅವಳ ಆ ಕೈಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಸಮಾಧಾನ ಹೇಳಬೇಕಲ್ಲ, ಹೇಳಿದೆ. “ಅಕ್ಕ, ಅದು ನಮ್ಮ ಹೊಲದ್ದಲ್ಲ ಕಣಕ್ಕ. ಗ್ರೀನಿಂದು. ಹೊರಗಿನ ಮರಳಲ್ಲಿ ಬೆಳೆದದ್ದು. ನಮ್ಮ ಮಣ್ಣಿಂದಲ್ಲ.”

ಅಕ್ಕ ನನ್ನ ಮುಖ ನೋಡಿದಳು. “ಗ್ರೀನಾದ್ರೂ ಎಲ್ಲಿ ಕುಂತದೆ ಸವಿತಾ? ನಮ್ಮೊಲದಲ್ಲೇ ಅಲ್ವೇನಮ್ಮಿ?” ಅಂದಳು.

ನಾನು ಗೋದಲಿಯ ತಳ ಗುಡಿಸಲು ಎದ್ದೆ.

ಬೆಳಗ್ಗೆ ಇನ್ನೊಂದು ಕಷ್ಟ ಎದುರಾಯಿತು. ನಮ್ಮ ಕಡೆ ಮನೆಯ ಹಸು ಎತ್ತು ಸತ್ತರೆ ಸ್ವಂತ ಹೊಲದ ಮೂಲೆಯಲ್ಲಿ ಮಣ್ಣು ಮಾಡುತ್ತೇವೆ, ಅರಿಶಿನ ಕುಂಕುಮ ಇಟ್ಟು, ಮನೆಯವರ ಹಾಗೇ. ಹೊಲವಿಲ್ಲದವರು ಎಲ್ಲಿಗೆ ಹೋಗಬೇಕು? ಬೇಲಿಯ ಹೊರಗೆ ಹೊಲ ಉಳಿದಿದ್ದ ಒಬ್ಬರಿಬ್ಬರು “ನಮ್ಮ ಹೊಲಕ್ಕೆ ತನ್ನಿ” ಅಂದರು. ಅಕ್ಕ ಒಪ್ಪಲಿಲ್ಲ. “ಇನ್ನೊಬ್ರ ಒಲದಲ್ಲಿ ಯಾಕ್ ಮನಗ್ಬೇಕು ಅದು? ಅವರವ್ವ ಮನಗಿರೋ ಕಡೆ ಮನಗ್ಲಿ.” ಚುಕ್ಕಿಯ ತಾಯನ್ನು ಮಣ್ಣು ಮಾಡಿದ್ದು ಬಾವನ ಹೊಲದ ಕೆಳಮೂಲೆಯ ಬೇವಿನ ಮರದ ಹತ್ತಿರ. ಅದು ಈಗ ಹನ್ನೆರಡನೇ ಗುಳಿಯ ಹಿಂದೆ, ಬೇಲಿಯ ಒಳಗೆ.

ಬಾವ ಹೋಗಿ ಹುಲ್ಲು ಸಾಹೇಬರ ಮುಂದೆ ನಿಂತರು. ನಾನೂ ಹೋದೆ. ಬೈಯಬೇಕು ಅಂತಲೇ ಹೋಗಿದ್ದೆ, ಬೈದೆ ಕೂಡ, ಕನ್ನಡದಲ್ಲೇ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅಷ್ಟರಲ್ಲಾಗಲೇ ಹುಲ್ಲು ಒಯ್ಯಬಾರದು ಅಂತ ಕನ್ನಡದಲ್ಲಿ ದೊಡ್ಡ ಬೋರ್ಡು ಎದ್ದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಬಾವ ಬೇವಿನ ಮರದ ಹತ್ತಿರ ಜಾಗ ಕೇಳಿದಾಗ ಸಾಹೇಬರು ನಕ್ಷೆ ತರಿಸಿ ನೋಡಿದರು. ಬೇವಿನ ಮರದ ಮೂಲೆ ಆಟದ ಗೆರೆಯಿಂದ ಆಚೆ ಬರುತ್ತಿತ್ತು. ಗೆರೆಯ ಆಚೆ ಬಿದ್ದ ಚೆಂಡು ಲೆಕ್ಕಕ್ಕಿಲ್ಲ, ಅಲ್ಲಿ ಯಾರೂ ಆಡುವುದಿಲ್ಲ. “ಮಾಡಿ. ಬೇಗ ಮಾಡಿ,” ಅಂದರು. ತಾವೇ ಜೆಸಿಬಿ ಕಳಿಸಿದರು. ಇನ್ನೊಂದು ಹಸು ಕೊಡಿಸುತ್ತೇನೆ ಅಂತಲೂ ಅಂದರು. ನಾನು ಅದನ್ನು ಅಕ್ಕನಿಗೆ ಹೇಳಿದೆ.

“ಕಟ್ಟಕ್ಕೆ ಗೂಟ ಅದೆ. ಆಕಕ್ಕೆ ಉಲ್ಲು ಎಲ್ಲದೆ?” ಅಂದಳು ಅಕ್ಕ.

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಹೊರಟರು. ಅಕ್ಕ ಮನೆಗೆ ಹೋಗಿ, ಹಾರೆ ತಗೊಂಡು ಕೊಟ್ಟಿಗೆಯ ಗೂಟವನ್ನು ತಾನೇ ಕಿತ್ತಳು. ಮಾವ ಹುಗಿದ ಗೂಟ, ಸುಲಭಕ್ಕೆ ಬರಲಿಲ್ಲ. ಬಾವ ಕೈ ಹಾಕಲು ಬಂದರೆ ಬೇಡ ಅಂದಳು. ಅದನ್ನು ಹೆಗಲ ಮೇಲಿಟ್ಟುಕೊಂಡು ಬಂದು ಚುಕ್ಕಿಯ ತಲೆಯ ಕಡೆ ಹುಗಿದಳು. ಇನ್ನು ಆ ಕೊಟ್ಟಿಗೆಗೆ ಹಸು ಬರುವುದಿಲ್ಲ ಅಂತ ಆವಾಗ ನನಗೆ ಖಾತ್ರಿಯಾಯಿತು.

ಪಂದ್ಯದ ದಿನ ನಮ್ಮನ್ನೆಲ್ಲ ಒಂದೇ ಬಣ್ಣದ ಟೋಪಿ ಹಾಕಿಸಿ ಮರಗಳ ಹಿಂದೆ ನಿಲ್ಲಿಸಿದ್ದರು. ನಾನು ಹನ್ನೆರಡನೇ ಗುಳಿಯ ಕಡೆಯೇ ಇದ್ದೆ, ಅಕ್ಕನೂ ಇದ್ದಳು. ಏನು ಚೆಂದ ಅಂತೀರಿ! ಬೆಳಗಿನ ಬಿಸಿಲಿಗೆ ಆ ಇಳಿಜಾರು ಹಸಿರು ರೇಷ್ಮೆ ಹಾಸಿದ ಹಾಗೆ ಹೊಳೆಯುತ್ತಿತ್ತು. ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಒಂದು ಕೆಮ್ಮಿಲ್ಲ. ಚೆಂಡು ಹಾರಿತು, ಮಾವ ಕಲ್ಲಾಯ್ದ ನೆಲದ ಮೇಲೆ ಉರುಳುತ್ತಾ ಉರುಳುತ್ತಾ ಬಂತು. ಚಪ್ಪಾಳೆ ತಟ್ಟಿದರು. ಈ ಇಳಿಜಾರೇ ಇಡೀ ಮೈದಾನದ ಕಳಶ ಅಂತ ಟಿವಿಯವರು ಹೇಳಿದರಂತೆ.

ಆಗ ಅಕ್ಕ ನನ್ನ ತೋಳು ಹಿಡಿದಳು. “ಅಲ್ಲಿ ನೋಡಮ್ಮಿ.”

ಆಟದ ಗೆರೆಯ ಗುರುತಿಗೆ ಅಲ್ಲಲ್ಲಿ ಗೂಟ ಹುಗಿದು ಬಿಳಿ ಬಣ್ಣ ಬಳಿದಿರುತ್ತಾರೆ. ಹಿಂದಿನ ದಿನ ಬಣ್ಣದ ಡಬ್ಬಿ ಹಿಡಿದು ಬಂದವರು ಸಾಲಿನಲ್ಲಿ ಸಿಕ್ಕ ಗೂಟಕ್ಕೆಲ್ಲ ಬಳಿದುಕೊಂಡು ಹೋಗಿದ್ದರು. ಚುಕ್ಕಿಯ ಗೂಟಕ್ಕೂ ಬಳಿದಿದ್ದರು. ಅದೂ ಗೆರೆಯದೇ ಅಂದುಕೊಂಡರೋ ಏನೋ. ನನಗೆ ಮೈಯೆಲ್ಲ ಉರಿಯಿತು. ಟೋಪಿ ಕಿತ್ತೆಸೆದು ಜಗಳಕ್ಕೆ ಹೊರಟೆ. ಅಕ್ಕ ಬಿಡಲಿಲ್ಲ.

“ಸುಮ್ಕಿರು. ಬಣ್ಣ ಬಳ್ದವ್ರಲ್ಲ, ಇನ್ ಯಾರೂ ಕೀಳಾಕಿಲ್ಲ ಬುಡು,” ಅಂದಳು.

ಆ ವರ್ಷ ಮುಗಿಯುವ ಮುಂಚೆಯೇ ನಾನು ಕೆಲಸ ಬಿಟ್ಟೆ, ಗಂಡನಿಗೆ ಪಟ್ಟಣದಲ್ಲಿ ಕೆಲಸ ಸಿಕ್ಕಿತು. ಅಕ್ಕ ಬಿಡಲಿಲ್ಲ. ಇವತ್ತಿಗೂ ಅದೇ ಗ್ಯಾಂಗಿನಲ್ಲಿ ಅದೇ ಇಳಿಜಾರಿನಲ್ಲಿ ಕಳೆ ಕೀಳುತ್ತಾಳೆ. ಬೇರೆ ಗುಳಿಗೆ ಹಾಕಿದರೆ ಹೋಗುವುದಿಲ್ಲವಂತೆ.

ಹುಡುಗಿಗೆ ಬೈದ ಮಾರನೆಯ ದಿನ ಒಂದು ದಿನ ರಜೆ ಹಾಕಿ ಊರಿಗೆ ಹೋದೆ. ಈಗಿನ ಕಾವಲುಗಾರರಿಗೆ ನನ್ನ ಗುರುತಿಲ್ಲ, ಅಕ್ಕ ಬಂದು ಗೇಟಿನಿಂದ ಕರೆದುಕೊಂಡು ಹೋದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಮಡಿಲಲ್ಲಿ ಏನೋ ಕಟ್ಟಿಕೊಂಡಿದ್ದಳು. ಬೇವಿನ ಮರದ ಹತ್ತಿರ ಹೋಗಿ ಬಿಚ್ಚಿದಳು. ಒಂದು ಹಿಡಿ ಹಸಿ ಹುಲ್ಲು.

“ರಸ್ತೆ ಬದೀದು ಕಣಮ್ಮಿ. ಇಲ್ಲೀದಲ್ಲ,” ಅಂದು ಗೂಟದ ಬುಡದಲ್ಲಿ ಇಟ್ಟಳು.

ಗೂಟಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು. ಪಂದ್ಯ ಬಂದಾಗಲೆಲ್ಲ ಬಳಿಯುತ್ತಾರಂತೆ. ಎಷ್ಟು ಬಳಿದರೇನು, ಹಗ್ಗ ಉಜ್ಜಿದ ಆ ಸವೆತ ಹಾಗೇ ಕಾಣುತ್ತದೆ. ನಾನು ಅದರಲ್ಲಿ ಬೆರಳಿಟ್ಟು ನೋಡಿದೆ.

ಅಷ್ಟರಲ್ಲಿ ಮೇಲಿಂದ ಒಂದು ಚೆಂಡು ಬಂದು ನಮ್ಮ ಕಾಲ ಹತ್ತಿರ, ಮಣ್ಣಿನ ಮೇಲೆ ಬಿತ್ತು. ಆಟಗಾರ ದೂರದಲ್ಲೇ ನಿಂತು ನೋಡಿದ. ಬಿಳಿ ಗೂಟ ಕಂಡಿತು. ಬೇಡ ಅನ್ನುವ ಹಾಗೆ ಕೈಯಾಡಿಸಿ, ಜೇಬಿನಿಂದ ಬೇರೆ ಚೆಂಡು ತೆಗೆದ. ಅಕ್ಕ ಬಗ್ಗಿ ಬಿದ್ದ ಚೆಂಡನ್ನು ಎತ್ತಿ, ಸೆರಗಿನಲ್ಲಿ ಮಣ್ಣು ಒರೆಸಿ, ಗೂಟದ ಆ ಕಡೆ, ಆಟದ ಹುಲ್ಲಿನ ಮೇಲೆ ಹಾಕಿದಳು.

“ಇದ್ರಿಂದೀಚೆಗೆ ಅವ್ರು ಬರಾಕಿಲ್ಲ ಸವಿತಾ,” ಅಂದಳು. “ಇಷ್ಟು ನಮ್ದೇ.”